ಹುರಿಗಟ್ಟಿದ ಮೈ: ಹಾನಗಲ್ಲ ಸೀಮೆಯ ಗರಡಿ ಮತ್ತು ಸ್ನಾಯುಜ್ಞಾನ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಗರಡಿಗಳ ಪ್ರಸ್ತಾಪ ಬಂದಾಗ ನಾವು ಜಾನಪದ ಅಧ್ಯಯನಕಾರರು ಹನುಮಂತನ ಪೂಜೆ, ಕೆಮ್ಮಣ್ಣಿನ ಅಖಾಡ, ಜಾತ್ರೆಯ ಕುಸ್ತಿಗಳಲ್ಲಿಯೇ ನಿಂತುಬಿಡುತ್ತೇವೆ. ಗರಡಿಯ ಶರೀರಜ್ಞಾನ ದಾಖಲಾದದ್ದು ಕಡಿಮೆ. ವಸ್ತಾದರ ಬಾಯಲ್ಲಿರುವ ಪದಗಳು ಅವರೊಂದಿಗೇ ಅಳಿಯುವಂಥವು. ಆದ್ದರಿಂದ ಇದು ಸಣ್ಣ ಕೊರತೆಯಲ್ಲ.

ಈ ವಿದ್ಯೆಯ ಇತಿಹಾಸ ದೀರ್ಘವಾದುದು. ಪಾನುಂಗಲ್ಲು ಐನೂರು ನಾಡು ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗವು ಮಲ್ಲರ ವರ್ಗ, ಆಹಾರ, ವ್ಯಾಯಾಮಗಳನ್ನು ವಿವರಿಸುತ್ತದೆ. ಪೈಲ್ವಾನ, ವಸ್ತಾದ ಎಂಬ ಪದಗಳು ಫಾರಸಿ ಮೂಲದವು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನ ಆಸುಪಾಸಿನಲ್ಲಿ ಅವು ಪರಕೀಯವೆನಿಸುವುದಿಲ್ಲ.

ಸುಶ್ರುತಸಂಹಿತೆಯು 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ. ಅಲ್ಲಿ ಪೇಶಿಯೆಂದರೆ ಮಾಂಸಖಂಡ; ಸ್ನಾಯುವೆಂದರೆ ಕಟ್ಟಿ ಹಿಡಿಯುವ ತಂತು. ಇಂದಿನ ಕನ್ನಡ ಪಠ್ಯಗಳು ಮಾಂಸಖಂಡವನ್ನೇ ಸ್ನಾಯುವೆಂದು ಕರೆದು ಆ ಭೇದವನ್ನು ಮಸುಕುಗೊಳಿಸಿವೆ. ಆಡುನುಡಿಯ ನೋಟ ಬೇರೆ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಉಬ್ಬಿ, ಹಿಮ್ಮಡಿಯತ್ತ ಸಪುರವಾಗುವ ಖಂಡವನ್ನು ಅದು ‘ಮೀನಖಂಡ’ ಎಂದಿತು. (ಲ್ಯಾಟಿನ್ ಭಾಷಿಕರಿಗೆ ಚರ್ಮದಡಿ ಕಂಡದ್ದು ಪುಟ್ಟ ಇಲಿ, ಮಸಲ್ ಎಂಬ ಪದದ ಮೂಲಾರ್ಥ ಅದೇ.) ‘ಹುರಿಗಟ್ಟಿದ ಮೈ’ ಎಂಬ ಮಾತು ಇನ್ನೂ ಅರ್ಥಪೂರ್ಣ. ಎಳೆಗಳು ಸೇರಿ ಹುರಿಯಾಗುವಂತೆ ಸ್ನಾಯುವೂ ತಂತುಗಳ ಕಟ್ಟುಗಳಿಂದಾದುದು. ಪ್ರತಿ ತಂತುವಿನೊಳಗೆ ಎರಡು ಬಗೆಯ ಸೂಕ್ಷ್ಮ ಎಳೆಗಳು ಒಂದರ ಮೇಲೊಂದು ಜಾರುವುದರಿಂದ ಸಂಕೋಚನ ಉಂಟಾಗುತ್ತದೆಂಬುದನ್ನು ವಿಜ್ಞಾನಿಗಳು ಮಂಡಿಸಿದ್ದು 1954ರಲ್ಲಿ.

ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಆದುದರಿಂದಲೇ ಅದಕ್ಕೆ ಎದುರಾಳಿ ಬೇಕು. ರಟ್ಟೆಯ ಮುಂಭಾಗ ಸಂಕುಚಿಸಿದರೆ ಮೊಣಕೈ ಮಡಚುತ್ತದೆ, ಹಿಂಭಾಗ ಸಂಕುಚಿಸಿದರೆ ನೀಳವಾಗುತ್ತದೆ. ದಂಡ ಹೊಡೆಯುವವನು ಮೇಲೇಳುವಾಗ ಎದೆ ಮತ್ತು ರಟ್ಟೆಯ ಹಿಂಭಾಗದ ಸ್ನಾಯುಗಳು ಸಂಕುಚಿಸುತ್ತವೆ. ಇಳಿಯುವಾಗ ಅವೇ ನಿಧಾನವಾಗಿ ನೀಳಗೊಳ್ಳುತ್ತ ಭಾರವನ್ನು ತಡೆಯುತ್ತವೆ. ಬೈಠಕ್ ತೊಡೆ ಮತ್ತು ಪೃಷ್ಠಗಳ ಕೆಲಸ. ಗುಂಡುಕಲ್ಲಿಗೆ ಇವುಗಳೊಂದಿಗೆ ಬೆನ್ನೂ ಸೇರಬೇಕು. ಹೃದಯ, ಕರುಳುಗಳ ಸ್ನಾಯುಗಳು ಮಾತ್ರ ನಮ್ಮ ಇಚ್ಛೆಗೆ ಒಳಪಡುವುದಿಲ್ಲ.

ಶಿಗ್ಗಾಂವಿ ತಾಲೂಕಿನ ಗೋಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇರುವುದರಿಂದ ಈ ಪದಗಳನ್ನು ಅಂಗಾಂಗವಾರು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ದೂರ ಹೋಗಬೇಕಿಲ್ಲ. ಗರಡಿಯ ಹೊರಗೂ ಕ್ಷೇತ್ರವಿದೆ. ದೀಪಾವಳಿಯ ನಂತರ ಹಿರೇಕೆರೂರು, ಹಾನಗಲ್ಲ ಭಾಗದ ಊರುಗಳಲ್ಲಿ ಓಡುವ ಹೋರಿಯ ಕೊರಳಿನ ಕೊಬ್ಬರಿಗೆ ಕೈಹಾಕುವ ಯುವಕನ ಹಿಡಿತ ಬೆರಳಿನದೆಂದು ತೋರುತ್ತದೆ. ಆದರೆ ಬೆರಳುಗಳಲ್ಲಿ ಮಾಂಸಖಂಡಗಳೇ ಇಲ್ಲ. ಅವುಗಳನ್ನು ಮಡಚುವ ಬಲಿಷ್ಠ ಸ್ನಾಯುಗಳಿರುವುದು ಮುಂದೋಳಿನಲ್ಲಿ. ಮಣಿಕಟ್ಟನ್ನು ದಾಟಿ ಬೆರಳಿಗೆ ತಲುಪುವುದು ಅವುಗಳ ಹುರಿ ಮಾತ್ರ.