ಬೆಳ್ಳೂರಿನ ಹುಣಸೆಮರವೂ ಹೆಜ್ಜಾರ್ಲೆಯ ಲೆಕ್ಕವೂ

ಒಂದು ನೆಲವು ಎಷ್ಟು ಜೀವಗಳನ್ನು ಹೊರಬಲ್ಲುದು, ಆ ಮಿತಿಯನ್ನು ಮೀರಿದರೆ ಏನಾಗುವುದು ಎಂಬ ವಿಷಯವನ್ನು ಪ್ರೌಢಶಾಲೆಯ ಮಕ್ಕಳಿಗೆ ಬೋಧಿಸುವವರಿಗೆ ಗ್ರಂಥಗಳು ಒದಗಿಸುವ ಸುಪ್ರಸಿದ್ಧ ದೃಷ್ಟಾಂತವೊಂದುಂಟು. ಅಲಾಸ್ಕದ ಪಶ್ಚಿಮಕ್ಕೆ, ಬೇರಿಂಗ್ ಸಮುದ್ರದ ನಡುವೆ, ಸೇಂಟ್ ಮ್ಯಾಥ್ಯೂ ಎಂಬ ನಿರ್ಜನ ದ್ವೀಪವಿದೆ. ಅಲ್ಲಿಗೆ 1944ರಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಅವುಗಳನ್ನು ತಿನ್ನುವ ತೋಳವಾಗಲಿ, ಬೇಟೆಯಾಡುವ ಮನುಷ್ಯನಾಗಲಿ ಅಲ್ಲಿ ಇರಲಿಲ್ಲವಾದುದರಿಂದ ಅವು ನೆಲದ ಮೇಲಣ ಕಲ್ಲುಹೂವನ್ನು ಮೇಯುತ್ತ 1963ರ ವೇಳೆಗೆ 6,000ದಷ್ಟಾದುವು. ನೂರಾರು ವರ್ಷಗಳಿಂದ ನಿಧಾನವಾಗಿ ಬೆಳೆದಿದ್ದ ಮೇವು ತೀರಿಹೋದ ಮೇಲೆ ಬಂದ ಒಂದೇ ಕ್ರೂರ ಚಳಿಗಾಲದಲ್ಲಿ ಹಿಂಡು ಹಿಂಡಾಗಿ ಸತ್ತು, 1966ರಲ್ಲಿ ಎಣಿಸಿದಾಗ ಉಳಿದಿದ್ದುವು 42. ದೃಷ್ಟಾಂತ ಭೀಕರವಾದುದು, ಸ್ಪಷ್ಟವಾದುದು, ಕಪ್ಪುಹಲಗೆಯ ಮೇಲೆ ರೇಖೆಯೆಳೆದು ತೋರಿಸಲು ಬಹು ಅನುಕೂಲವಾದುದು. ಆದರೆ ಮಂಡ್ಯದ ಸೀಮೆಯ ಹುಡುಗನಿಗೆ ಅದರಿಂದ ದೊರೆಯುವ ವಿದ್ಯೆ ಅರ್ಧ ಮಾತ್ರವೆಂದು ನನ್ನ ಅಭಿಪ್ರಾಯ. ಏಕೆಂದರೆ ಆ ದ್ವೀಪದಲ್ಲಿ ಮನುಷ್ಯನಿಲ್ಲ, ಮನುಷ್ಯನಿಲ್ಲದುದರಿಂದ ಸಂಪ್ರದಾಯವಿಲ್ಲ, ಆಸ್ತಿಯಿಲ್ಲ, ಮರದ ಯಜಮಾನನಿಲ್ಲ, ಅಂಗಡಿಯ ಬೆಲೆಯಿಲ್ಲ. ಇವೆಲ್ಲವೂ ಕೂಡಿ ಒಂದು ನೆಲದ ಧಾರಣಶಕ್ತಿಯನ್ನು ಹೇಗೆ ಕಟ್ಟುತ್ತವೆ, ಹೇಗೆ ಕೆಡಿಸುತ್ತವೆ ಎಂಬುದನ್ನು ತಿಳಿಯಬೇಕಾದರೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಚರಿತ್ರೆಯನ್ನು ಓದಬೇಕು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ, ಮದ್ದೂರನ್ನು ಸೇರುವ ಮುನ್ನ, ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಹನ್ನೆರಡು ಕಿಲೋಮೀಟರಿನಷ್ಟು ದೂರ ನಡೆದರೆ ಸಿಕ್ಕುವ ಊರೇ ಕೊಕ್ಕರೆ ಬೆಳ್ಳೂರು. ಶಿಂಷಾ ನದಿ ಅಲ್ಲಿಗೆ ಸಮೀಪ. ಊರು ನೋಡುವುದಕ್ಕೆ ಆ ಸೀಮೆಯ ಬೇರೆ ನೂರು ಊರುಗಳಂತೆಯೇ ಇದೆ: ರಾಗಿಯ ಹೊಲ, ರೇಷ್ಮೆಯ ಹಿಪ್ಪುನೇರಳೆ, ಕಬ್ಬು, ಹಿತ್ತಿಲಿನಲ್ಲಿ ಹುಣಸೆ, ಬೀದಿಯ ಕೊನೆಯಲ್ಲಿ ಅರಳಿ, ಬಸರಿ. ಆದರೆ ಮಳೆಗಾಲ ಹಿಂದೆ ಸರಿದು ಚಳಿ ಮೊದಲಾಗುವ ಹೊತ್ತಿಗೆ ಈ ಮರಗಳ ಮೇಲೆ ಹೆಜ್ಜಾರ್ಲೆಗಳು, ಎಂದರೆ ಪೆಲಿಕನ್ ಹಕ್ಕಿಗಳು, ಇಳಿಯತೊಡಗುತ್ತವೆ. ಅವುಗಳ ಹಿಂದೆ ಬಣ್ಣದ ಕೊಕ್ಕರೆಗಳು ಬರುತ್ತವೆ. ನೀರುಕಾಗೆ, ಬಕಗಳೂ ಅಲ್ಲಲ್ಲಿ ಸೇರಿಕೊಳ್ಳುತ್ತವೆ. ಕೆಳಗೆ ದನ ಕಟ್ಟಿರುತ್ತದೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಆಳೆತ್ತರದ ರೆಕ್ಕೆಯ ಹಕ್ಕಿ ಮರಿಗೆ ಮೀನು ಕಕ್ಕುತ್ತಿರುತ್ತದೆ. ಮುಂಗಾರು ಸಮೀಪಿಸುವಾಗ ಮರಿಗಳು ಹಾರಲು ಕಲಿತು ಎಲ್ಲವೂ ಹೊರಟುಹೋಗುತ್ತವೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಎಂದು ಊರಿನವರು ಹೇಳುವ ಮಾತು ಬರಿಯ ಅಲಂಕಾರವಲ್ಲ; ತವರಿಗೆ ಬಂದವಳನ್ನು ಓಡಿಸುವ ಹಾಗಿಲ್ಲ, ಅವಳ ಖರ್ಚನ್ನು ಎಣಿಸುವ ಹಾಗಿಲ್ಲ ಎಂಬ ಎರಡು ಕಟ್ಟಳೆಗಳು ಆ ಮಾತಿನೊಳಗೆ ಅಡಗಿವೆ.

ಈ ಸಂಬಂಧ ಎಷ್ಟು ಹಳೆಯದು? ಇಂಗ್ಲಿಷ್ ವೈದ್ಯನೂ ಪಕ್ಷಿಶಾಸ್ತ್ರಜ್ಞನೂ ಆಗಿದ್ದ ಜರ್ಡನ್, 1862ರಿಂದ 1864ರವರೆಗೆ ಪ್ರಕಟವಾದ ತನ್ನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ, ದಕ್ಷಿಣದ ಒಂದು ಗ್ರಾಮದ ನಟ್ಟನಡುವೆ, ಜನರ ಭಯವೇ ಇಲ್ಲದೆ ಹೆಜ್ಜಾರ್ಲೆಗಳು ತಲೆಮಾರುಗಳಿಂದ ಗೂಡು ಕಟ್ಟುತ್ತಿದ್ದುದನ್ನು ತಾನು ಕಂಡುದಾಗಿ ಬರೆದಿರುವನು. ಅದು ಬೆಳ್ಳೂರೇ ಎಂದು ಹೆಮ್ಮೆಯಿಂದ ಹೇಳುವವರುಂಟು. ಜರ್ಡನ್ನನು ಸೂಚಿಸಿದ್ದು ಕರ್ನಾಟಿಕ್ ಎಂದು ಆಗ ಕರೆಯುತ್ತಿದ್ದ ಕೆಳಗಣ ಸೀಮೆಯನ್ನು, ಮೈಸೂರನ್ನಲ್ಲ. ಆದುದರಿಂದ ಆ ಹೆಮ್ಮೆಯನ್ನು ನಾನು ಹಂಚಿಕೊಳ್ಳಲಾರೆ. ಆದರೆ ಮನುಷ್ಯರ ಮನೆಯಂಗಳವನ್ನೇ ಆರಿಸಿಕೊಳ್ಳುವ ಈ ಹಕ್ಕಿಯ ರೂಢಿ ಬೆಳ್ಳೂರೊಂದರ ವಿಚಿತ್ರವಲ್ಲವೆಂಬುದಕ್ಕೆ ಅವನ ಸಾಕ್ಷ್ಯ ಸಾಕು. ಬೆಳ್ಳೂರಿನವರಿಗೆ ತಮ್ಮದೇ ಆದ ಪುರಾವೆ ಬೇರೆ ಇದೆ. ಕಳೆದ ಶತಮಾನದ ಆದಿಯಲ್ಲಿ ಪ್ಲೇಗು ಹಬ್ಬಿ ಜನ ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದುವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮನೆಗಳಿದ್ದಲ್ಲಿ ಬೇಟೆಗಾರನ ಕಾಟ ಕಡಿಮೆ, ಮರ ಹತ್ತಿ ಮೊಟ್ಟೆ ಕದಿಯುವವರ ಮೇಲೆ ಹತ್ತು ಕಣ್ಣು ಕಾವಲು. ಹಕ್ಕಿಗೆ ಬೇಕಾದುದು ಮರದಷ್ಟೇ ಆ ಮರದ ಬುಡದ ಜನ ಎಂಬ ಸಂಗತಿಯನ್ನು ಈ ಕಥೆ ಜೀವಶಾಸ್ತ್ರದ ಪುಸ್ತಕಕ್ಕಿಂತ ಮೊದಲೇ ಹೇಳಿತ್ತು. ವಿದ್ವಾಂಸರ ಲೋಕಕ್ಕೆ ಊರಿನ ಹೆಸರು ತಿಳಿದುದು ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಇದನ್ನು ಕಂಡು, ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದ ಮೇಲೆ. ಊರಿನ ಪಾಲಿಗೆ ಆ ‘ಶೋಧ’ ತಮಾಷೆಯ ವಿಷಯವಾಗಿದ್ದಿರಬೇಕು.

ಈಗ ಹುಣಸೆಮರದ ಲೆಕ್ಕಕ್ಕೆ ಬರೋಣ. ಹುಣಸೆ ಹಣ್ಣಾಗುವುದು ಬೇಸಗೆಯ ಮೊದಲಲ್ಲಿ. ಗೂಡಿನಲ್ಲಿ ಮರಿ ಇರುವುದೂ ಅದೇ ಕಾಲದಲ್ಲಿ. ಕೋಲು ಹಿಡಿದು ಕೊಂಬೆ ಬಡಿದರೆ ಹಣ್ಣಿನೊಡನೆ ಮರಿಯೂ ಬೀಳುವುದು. ಮರದಲ್ಲಿ ಹಕ್ಕಿಯಿದ್ದ ವರ್ಷ ಯಜಮಾನನು ಫಸಲಿನ ಬಹುಭಾಗವನ್ನು ಬಿಟ್ಟುಕೊಡಬೇಕು. ಇದಕ್ಕೆ ಪ್ರತಿಯಾಗಿ ಅವನಿಗೆ ದೊರೆಯುತ್ತಿದ್ದುದು ಹಿಕ್ಕೆ. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳ. ಬೆಳ್ಳೂರಿನ ರೈತರು ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡುಮಣ್ಣನ್ನು ಹರಡಿ, ಮೇಲಿನಿಂದ ಬಿದ್ದುದನ್ನೆಲ್ಲ ಅದರಲ್ಲಿ ಬೆರೆಸಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯ ಮೀನು ಹಕ್ಕಿಯ ಹೊಟ್ಟೆಯ ಮೂಲಕ ರಾಗಿಯ ಹೊಲವನ್ನು ಸೇರುತ್ತಿತ್ತು. ಹಣ್ಣಿನ ನಷ್ಟ, ಗೊಬ್ಬರದ ಲಾಭ, ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗುವುದೆಂಬ ನಂಬಿಕೆ: ಈ ಮೂರೂ ಒಂದೇ ತಕ್ಕಡಿಯಲ್ಲಿ ಇದ್ದಷ್ಟು ಕಾಲ ಯಾರೂ ಕೊಡಲಿ ಎತ್ತಲಿಲ್ಲ. ರಾಸಾಯನಿಕ ಗೊಬ್ಬರದ ಚೀಲ ಸುಲಭವಾಗಿ ಬಂದ ಮೇಲೆ ಒಂದು ಕಡೆಯ ಭಾರ ಇಳಿಯಿತು. ಹುಣಸೆಗೂ ಸೌದೆಗೂ ಪೇಟೆಯ ಬೆಲೆ ಏರಿದ ಮೇಲೆ ಇನ್ನೊಂದು ಕಡೆಯ ಭಾರ ಹೆಚ್ಚಿತು. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹಿತ್ತಿಲಿನ ಮರ ಮನೆ ಕಟ್ಟುವ ಜಾಗಕ್ಕೆ ಅಡ್ಡಿಯಾಯಿತು. ಸರ್ಕಾರವು ಹಕ್ಕಿ ಗೂಡು ಕಟ್ಟಿದ ಮರಗಳ ಯಜಮಾನರಿಗೆ ಮರದ ಲೆಕ್ಕದಲ್ಲಿ ಪರಿಹಾರ ಕೊಡತೊಡಗಿದುದು ಈ ಏರುಪೇರನ್ನು ಸರಿದೂಗಿಸುವುದಕ್ಕಾಗಿ.

ಇಲ್ಲಿ ಉಪಾಧ್ಯಾಯರು ಸ್ವಲ್ಪ ನಿಂತು ಗಣಿತವನ್ನು ತರಬಹುದು. 1838ರಲ್ಲಿ ಬೆಲ್ಜಿಯಮ್ಮಿನ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞನು, ಸಂಖ್ಯೆ ಕಡಿಮೆಯಿದ್ದಾಗ ವೇಗವಾಗಿ ಏರಿ, ಮಿತಿ ಸಮೀಪಿಸಿದಂತೆ ನಿಧಾನಗೊಂಡು, ಕೊನೆಗೆ ಸಮನಾಗುವ ವಕ್ರರೇಖೆಯ ಸೂತ್ರವನ್ನು ಬರೆದನು. ಜನಸಂಖ್ಯೆ ಆಹಾರವನ್ನು ಮೀರಿ ಬೆಳೆಯುವುದೆಂದು ಮಾಲ್ಥಸ್ಸನು 1798ರಲ್ಲಿ ಎತ್ತಿದ ಭೀತಿಗೆ ಅದು ಅಳತೆಯ ರೂಪವನ್ನು ಕೊಟ್ಟಿತು. ಬಹುಕಾಲ ಮರೆತುಹೋಗಿದ್ದ ಆ ಸೂತ್ರವನ್ನು 1920ರಲ್ಲಿ ಪರ್ಲ್ ಮತ್ತು ರೀಡ್ ಎಂಬಿಬ್ಬರು ಅಮೆರಿಕದ ವಿದ್ವಾಂಸರು ತಾವೇ ಮತ್ತೆ ಕಂಡುಹಿಡಿದು, ತಮ್ಮ ದೇಶದ ಜನಸಂಖ್ಯೆ 19 ಕೋಟಿ 70 ಲಕ್ಷದ ಆಸುಪಾಸಿನಲ್ಲಿ ನಿಲ್ಲುವುದೆಂದು ಗುಣಿಸಿ ಹೇಳಿದರು. ಅದು 1967ರಲ್ಲಿಯೇ 20 ಕೋಟಿಯನ್ನು ದಾಟಿತು. ಈಗ 33 ಕೋಟಿಗೆ ಮೇಲೆ. ಸೂತ್ರ ತಪ್ಪಲ್ಲ, ಮಿತಿಯೆಂಬುದು ಗೋಡೆಯಂತೆ ನಿಂತಿರುವುದೆಂದು ಭಾವಿಸಿದುದು ತಪ್ಪು. ಬೆಳ್ಳೂರಿನಲ್ಲಿ ಈ ಮಾತು ಕಣ್ಣಿಗೇ ಕಾಣುತ್ತದೆ. ಹೆಜ್ಜಾರ್ಲೆಗೆ ಮಿತಿಗಳು ಎರಡು: ಗೂಡು ಹೊರುವ ಗಟ್ಟಿ ಕೊಂಬೆ ಒಂದು, ಮರಿ ಹಾರುವವರೆಗೆ ತಿಂಗಳುಗಟ್ಟಲೆ ಸಾಲುವ ಮೀನು ಇನ್ನೊಂದು. ಮರ ಎಷ್ಟೇ ಇರಲಿ, ತೈಲೂರು ಕೆರೆಯೂ ಮದ್ದೂರು ಕೆರೆಯೂ ಒಣಗಿದ ವರ್ಷ ಗೂಡು ಬರಿದಾಗುವುದು. ಕೆರೆ ಕೋಡಿ ಬಿದ್ದರೂ ಮರ ಕಡಿದ ಬೀದಿಯಲ್ಲಿ ಹಕ್ಕಿ ಕೂರುವ ಹಾಗಿಲ್ಲ. ಯಾವುದು ಕೊರತೆಯೋ ಅದೇ ಅಂದಿನ ಮಿತಿ, ಮತ್ತು ಕೊರತೆ ವರ್ಷದಿಂದ ವರ್ಷಕ್ಕೆ ಸ್ಥಾನ ಬದಲಿಸುತ್ತದೆ.

ಇದೇ ಪಾಠ ಹಕ್ಕಿಯ ಕೆಳಗೆ ಬಾಳಿದ ಮನುಷ್ಯರಿಗೂ ಅನ್ವಯಿಸುವುದು. 1876ರಿಂದ 78ರ ಬರಗಾಲದ ಮುಂಚೆ, 1871ರ ಜನಗಣತಿಯಲ್ಲಿ, ಮೈಸೂರು ಸೀಮೆಯಲ್ಲಿದ್ದವರು 50,55,412; 1881ರಲ್ಲಿ ಎಣಿಸಿದಾಗ 41,86,188. ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾದುದನ್ನು ಸಾರಂಗದ ದ್ವೀಪದ ರೇಖೆಯ ಪಕ್ಕದಲ್ಲಿಟ್ಟು ನೋಡುವ ಮನಸ್ಸು ನನಗಿಲ್ಲ. ಏಕೆಂದರೆ ಅಂದು ಧಾನ್ಯದ ಸಾಗಣೆ, ಬೆಲೆ, ಆಡಳಿತದ ನಿಧಾನ ಇವೂ ಸಾವಿಗೆ ಕಾರಣವಾದುವು, ಬರಿಯ ನೆಲವಲ್ಲ. ಅದಾದ ಮೇಲೆ ಏನಾಯಿತೆಂಬುದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಮೂವತ್ತರ ದಶಕದ ಆದಿಯಲ್ಲಿ ಮುಗಿಯಿತು. ಇರ್ವಿನ್ ನಾಲೆ ಎಂದು ಹುಟ್ಟಿ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಹುಲಿಕೆರೆಯ ಸುರಂಗವನ್ನು ಹಾದು ಬಯಲಿಗೆ ಇಳಿಯಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ರಾಗಿ, ಹುರುಳಿ ಬೆಳೆದು ಮುಗಿಲು ನೋಡುತ್ತಿದ್ದ ನೆಲ ಬತ್ತ ಕಬ್ಬುಗಳ ಗದ್ದೆಯಾಯಿತು, ಅಂದರೆ ನೆಲದ ಧಾರಣಶಕ್ತಿಯನ್ನು ಕಲ್ಲು ಗಾರೆಗಳಿಂದ ಎತ್ತರಿಸಿದಂತಾಯಿತು. ನಾಲೆಯ ಕೊನೆಯ ಭಾಗದ ಮದ್ದೂರು ಮಳವಳ್ಳಿಗಳ ರೈತರು ಮಾತ್ರ, ನೀರು ತಮ್ಮವರೆಗೆ ಬರಲಿಲ್ಲವೆಂದು ಬೇಸಗೆ ಬೇಸಗೆಗೂ ಕೂಗುತ್ತಲೇ ಇದ್ದಾರೆ. ಒಂದೇ ನಾಲೆಯ ಮೇಲೆ ಧಾರಣಶಕ್ತಿ ಮೈಲಿ ಮೈಲಿಗೂ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಕ್ಷೆ ಇರಲಾರದು. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ 17.6 ಲಕ್ಷದಿಂದ 18 ಲಕ್ಷದ ಆಸುಪಾಸಿಗೆ ಮಾತ್ರ ಏರಿತು. ಹುಟ್ಟು ಕಡಿಮೆಯಾದುದು ಒಂದು ಕಾರಣ. ಬೆಂಗಳೂರಿನ ಬಸ್ಸು ಹತ್ತಿದ ಯುವಕರು ಇನ್ನೊಂದು. ಜನನ, ಮರಣ, ಆಗಮನ, ನಿರ್ಗಮನ ಎಂಬ ನಾಲ್ಕು ಪದಗಳನ್ನು ಬೋಧಿಸಲು ಬಂದ ಉಪಾಧ್ಯಾಯರು ತರಗತಿಯ ಮಕ್ಕಳ ಅಣ್ಣಂದಿರು ಎಲ್ಲಿದ್ದಾರೆಂದು ಕೇಳಿದರೆ ಸಾಕು.

ನಿರ್ಗಮನದ ಮಾತು ಹಕ್ಕಿಗೂ ಮುಖ್ಯವಾದುದು. ಅದೇ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ, 1645ರಿಂದ 48ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ ನಡುಗಡ್ಡೆಗಳಾಗಿ, ಸಲೀಂ ಅಲಿಯವರ ಸೂಚನೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿಯೂ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಅಲ್ಲಿ ಮರದ ಯಜಮಾನನಿಲ್ಲ, ಆದರೆ ಮೇಲಣ ಅಣೆಕಟ್ಟೆಯ ಬಾಗಿಲು ತೆರೆದ ದಿನ ಗೂಡುಗಳು ಮುಳುಗುವ ಭಯವುಂಟು. ಬೆಳ್ಳೂರಿನಲ್ಲಿ ಗೂಡು ಕಡಿಮೆಯಾದ ವರ್ಷ ಹಕ್ಕಿಯ ಕುಲವೇ ಕ್ಷೀಣಿಸಿತೆಂದು ಅಳಬೇಕಾಗಿಲ್ಲ, ಹೆಚ್ಚಿದ ವರ್ಷ ಬೀಗಬೇಕಾಗಿಯೂ ಇಲ್ಲ. ಒಂದು ಊರಿನ ಎಣಿಕೆ ಕುಲದ ಎಣಿಕೆಯಲ್ಲ. ಆದರೆ ಎಲ್ಲ ಊರುಗಳೂ ಒಟ್ಟಿಗೆ ಕೈಬಿಟ್ಟರೆ ಏನಾಗುವುದೆಂಬುದಕ್ಕೆ ಬರ್ಮಾ ದೇಶವೇ ಸಾಕ್ಷಿ. ಅಲ್ಲಿಯ ಸಿಟ್ಟಾಂಗ್ ನದಿಯ ಬಯಲಿನಲ್ಲಿ ಮೈಲಿಗಟ್ಟಲೆ ಹಬ್ಬಿದ ಹೆಜ್ಜಾರ್ಲೆಯ ಗೂಡುಗಳನ್ನು 1877ರಲ್ಲಿ ಓಟ್ಸ್ ಎಂಬುವನು ಕಂಡು, ಹಕ್ಕಿಗಳನ್ನು ಲಕ್ಷಗಳ ಲೆಕ್ಕದಲ್ಲಿ ವರ್ಣಿಸಿದನು; ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಅಲ್ಲಿ ಒಂದು ಗೂಡೂ ಉಳಿದಿರಲಿಲ್ಲ.

ಗುಂಪು ಒತ್ತೊತ್ತಾಗಿ ಬಾಳುವ ಕಡೆ ಕೆಡುಕೂ ಒತ್ತಾಗಿ ಬರುತ್ತದೆ. 2017ರ ಕೊನೆಯಲ್ಲಿ, 2018ರ ಮೊದಲಲ್ಲಿ, ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತುವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಮೀನಿನ ಮೂಲಕ ಸೇರಿದ ದುಂಡುಹುಳುಗಳು ತುಂಬಿದ್ದುವು. ಗೂಡಿನಿಂದ ಜಾರಿದ ಮರಿಗಳಂತೂ ಪ್ರತಿವರ್ಷದ ಮಾತು. ಅವುಗಳನ್ನು ನಾಯಿಯ ಬಾಯಿಯಿಂದ ತಪ್ಪಿಸಿ ಬಲೆಯ ಆವರಣದಲ್ಲಿಟ್ಟು ಮೀನು ತಿನ್ನಿಸಿ ಹಾರಿಸುವ ಕೆಲಸವನ್ನು ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಮೊದಲು ಮಾಡಿದರು. ಊರಿನ ಯುವಕರು ಹೆಜ್ಜಾರ್ಲೆ ಬಳಗವೆಂದು ಕೂಡಿಕೊಂಡು ಅದನ್ನು ಕೈಗೆತ್ತಿಕೊಂಡರು. ಸಂಖ್ಯಾಶಾಸ್ತ್ರದ ಕಣ್ಣಿನಿಂದ ಹತ್ತಿಪ್ಪತ್ತು ಮರಿಗಳು ಕುಲದ ರೇಖೆಯನ್ನು ಬಗ್ಗಿಸಲಾರವು ಎಂದು ಹೇಳುವವರಿದ್ದಾರೆ, ಅವರ ಮಾತು ಸುಳ್ಳಲ್ಲ. ಆದರೆ ಮರಿಗೆ ಮೀನು ತಿನ್ನಿಸಿದ ಹುಡುಗನ ಮನೆಯ ಹುಣಸೆಮರ ಅಷ್ಟು ಸುಲಭವಾಗಿ ಉರುಳುವುದಿಲ್ಲ. ಆ ಲಾಭ ಇನ್ನೊಂದು ಖಾತೆಯಲ್ಲಿ ಜಮೆಯಾಗುವುದು. 2007ರಲ್ಲಿ ಸರ್ಕಾರವು ಬೆಳ್ಳೂರನ್ನು ಅಭಯಾರಣ್ಯವೆಂದು ಬೇಲಿ ಹಾಕದೆ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದುದು ಈ ಖಾತೆಯ ಇರವನ್ನು ಒಪ್ಪಿಕೊಂಡಂತೆ.

ಮದ್ದೂರು, ಮಳವಳ್ಳಿಗಳ ಶಾಲೆಗಳಿಂದ ಬೆಳ್ಳೂರು ಬಹುದೂರವಲ್ಲ. ಜನವರಿಯಿಂದ ಮೇ ತಿಂಗಳವರೆಗೆ ತಿಂಗಳಿಗೊಮ್ಮೆ ಮಕ್ಕಳನ್ನು ಕರೆದೊಯ್ದು, ಹಾರಾಡುವ ಹಕ್ಕಿಯನ್ನು ಎಣಿಸುವ ವ್ಯರ್ಥ ಪ್ರಯತ್ನವನ್ನು ಬಿಟ್ಟು, ಒಂದೊಂದು ಮರದ ಗೂಡುಗಳನ್ನು ಎಣಿಸಿದರೆ, ಗೂಡಿಗೊಂದು ಜೋಡಿಯೆಂಬ ಲೆಕ್ಕದಲ್ಲಿ ಮರಿಮಾಡುವ ಹಕ್ಕಿಗಳ ಸಂಖ್ಯೆ ತಾನಾಗಿ ದೊರೆಯುವುದು. ಪುಸ್ತಕದಲ್ಲಿ ಮರದ ಜಾತಿಗೆ ಒಂದು ಸಾಲು, ಗೂಡಿಗೆ ಒಂದು, ಕೆರೆಯ ನೀರಿನ ಮಟ್ಟಕ್ಕೆ ಒಂದು, ಕೆರೆಯ ಮೀನಿನ ಗುತ್ತಿಗೆ ಯಾರಿಗಾಯಿತೆಂಬುದಕ್ಕೆ ಒಂದು. ಇವುಗಳ ಪಕ್ಕದಲ್ಲಿ ಮರದ ಯಜಮಾನನಿಗೆ ಆ ವರ್ಷ ಬಂದ ಪರಿಹಾರದ ಹಣವನ್ನೂ, ಮದ್ದೂರಿನ ಸಂತೆಯಲ್ಲಿ ಆ ವಾರದ ಹುಣಸೆಹಣ್ಣಿನ ಬೆಲೆಯನ್ನೂ ಬರೆಯಿಸತಕ್ಕುದು.