ಅಮೋಘವರ್ಷನೂ ಮುನಿದ ಮಗನೂ

ಬೆಳೆದ ಮಗನು ಮನೆ ತೊರೆದು ಮಾತು ಬಿಟ್ಟಾಗ ತಂದೆತಾಯಿಗಳಿಗಾಗುವ ದುಃಖವು ವಿಚಿತ್ರವಾದುದು. ಸಾವಿನ ಶೋಕವನ್ನು ಹಂಚಿಕೊಳ್ಳಲು ಬಂಧುಗಳು ಬರುತ್ತಾರೆ. ಈ ಶೋಕವನ್ನು ನಾವೇ ಮುಚ್ಚಿಡುತ್ತೇವೆ. ರಾಜಾಜಿನಗರದ ನನ್ನ ಮನೆಯಿಂದ ಕೆಂಗೇರಿ ಬಹು ದೂರವಲ್ಲ. ಅಲ್ಲಿರುವ ನನ್ನ ಮಗನು ವ್ಯಾಪಾರದ ವಿಷಯದಲ್ಲಿ ಮುನಿದು ಹೋಗಿ ಆರು ವರ್ಷಗಳಾದವು. ಆದುದರಿಂದಲೇ ನಮ್ಮ ನಾಡಿನ ಇತಿಹಾಸದ ಒಂದು ಪ್ರಸಂಗವು ನನ್ನನ್ನು ಬಹುವಾಗಿ ಕಾಡಿದೆ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ ಆಳಿದನು. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಜಿನಸೇನಾಚಾರ್ಯರು ಅವನ ಗುರುಗಳು. 860ರಲ್ಲಿ ಜಿನಾಲಯಕ್ಕೆ ಕೊಟ್ಟ ದಾನವನ್ನು ತಿಳಿಸುವ ಗದಗ ಜಿಲ್ಲೆಯ ಕೊಣ್ಣೂರು ಶಾಸನವು ಒಂದು ಕಹಿ ಸಂಗತಿಯನ್ನೂ ಹೇಳುತ್ತದೆ. ಸೇನಾನಿ ಬಂಕೆಯನು ಗಂಗರ ಮೇಲೆ ದಂಡೆತ್ತಿ ಹೋಗಿದ್ದಾಗ ರಾಜ್ಯದಲ್ಲಿ ಒಳದಂಗೆ ಎದ್ದಿತು. ದಂಗೆಕೋರರೊಡನೆ ಅರಸನ ಮಗನೂ ಸೇರಿದ್ದನು. ಅವನು ಕೃಷ್ಣನೇ ಇರಬೇಕೆಂದು ಇತಿಹಾಸಜ್ಞರ ಊಹೆ. ಅರಸನು ಬಂಕೆಯನನ್ನು ಹಿಂದಕ್ಕೆ ಕರೆಸಿ ದಂಗೆಯನ್ನಡಗಿಸಿದನು.

ಅಮೋಘವರ್ಷನ ಅನಂತರ ಸಿಂಹಾಸನವೇರಿದವನು ಆ ಇಮ್ಮಡಿ ಕೃಷ್ಣನೇ. ಊಹೆ ಸರಿಯಾದರೆ, ತಂದೆಯು ದಂಗೆಯ ಮೇಲೆ ಸೈನ್ಯ ಕಳುಹಿಸಿದನು, ಆದರೆ ಮಗನ ಹಕ್ಕನ್ನು ಅಳಿಸಲಿಲ್ಲ. ತಪ್ಪನ್ನು ತಡೆಯುವುದು ಬೇರೆ, ತಪ್ಪು ಮಾಡಿದವನನ್ನು ತೊರೆಯುವುದು ಬೇರೆ. ಅಮೋಘವರ್ಷನದೆಂದು ಹೇಳಲಾಗುವ ಪ್ರಶ್ನೋತ್ತರ ರತ್ನಮಾಲಿಕೆಯ ಕೊನೆಯಲ್ಲಿ, ಅದರ ಕರ್ತೃವು ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನೆಂಬ ಮಾತಿದೆ.

ರಾಜ್ಯದಂತೆ ಮಗನೂ ನಮ್ಮ ಸ್ವತ್ತಲ್ಲ. ದ್ವಾದಶಾನುಪ್ರೇಕ್ಷೆಗಳಲ್ಲಿ ಅನ್ಯತ್ವವು ಕಲಿಸುವುದು ಇದನ್ನೇ. ದೇಹವೇ ನನ್ನದಲ್ಲದಿರುವಾಗ ಮಗನ ಮನಸ್ಸು ನನ್ನದಾಗುವುದೆಂತು? ಹಾಗೆಂದು ಅನ್ಯತ್ವವು ಕಠೋರತೆಯಲ್ಲ. ಅವನು ನನ್ನ ಇಚ್ಛೆಯಂತೆಯೇ ನಡೆಯಬೇಕೆಂಬ ಹಟವನ್ನು ಬಿಡುವುದೇ ಅದರ ಅಭ್ಯಾಸ. ಹಟ ಬಿಟ್ಟಂತೆಲ್ಲ ವಾತ್ಸಲ್ಯವು ತಿಳಿಯಾಗುತ್ತದೆ.

ನಾನು ಬಾಕಿಯ ಲೆಕ್ಕದಲ್ಲೇ ಬೆಳೆದ ವ್ಯಾಪಾರಿ. ಮಗನಿಗೆ ಕೊಟ್ಟುದನ್ನೆಲ್ಲ ಖಾತೆಯಲ್ಲಿ ಬರೆದಂತೆ ನೆನಪಿಟ್ಟುಕೊಂಡಿದ್ದೆನು; ಜಗಳದ ದಿನ ಅದನ್ನೇ ಎತ್ತಿ ಹೇಳಿದೆನು. ಅದು ನನ್ನ ತಪ್ಪು. ಕಳೆದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಾಗ ಅವನಿಗೊಂದು ಪತ್ರ ಬರೆದು, ಹಿಂದಿರುಗೆಂದು ಕೇಳದೆ, ಕ್ಷಮೆಯನ್ನು ಮಾತ್ರ ಬೇಡಿದೆನು. ಉತ್ತರ ಇನ್ನೂ ಬಂದಿಲ್ಲ. ಆದರೂ ಮನಸ್ಸಿನ ಭಾರ ಅರ್ಧವಾಯಿತು. ಕ್ಷಮೆ ಬೇಡುವುದು ನನ್ನ ಕರ್ತವ್ಯ. ಕ್ಷಮಿಸುವುದು ಅವನ ಭಾವಕ್ಕೆ ಬಿಟ್ಟುದು. ಇದೇ ದುಃಖದಲ್ಲಿರುವ ಶ್ರಾವಕ ಬಂಧುಗಳು ಮಗನ ಪತ್ರಕ್ಕಾಗಿ ಕಾಯದೆ ತಾವೇ ಮೊದಲು ಬರೆಯಲೆಂಬುದು ನನ್ನ ವಿನಂತಿ.