ರೈಸ್ ಹಾಕಿದ ಪ್ರಶ್ನಾರ್ಥಕ ಚಿಹ್ನೆ: ಕೋಲಾರದ ಶಾಸನಗಳನ್ನು ಅಂತರ್ಜಾಲದಲ್ಲಿ ಹುಡುಕುವಾಗ

ಕೋಲಾರ ಸೀಮೆಯ ಇತಿಹಾಸದ ಮೇಲೆ ಪ್ರಬಂಧ ಬರೆಯಲು ಹೊರಟವರು ಮೊದಲು ಕೇಳೋದು ಒಂದೇ ಪ್ರಶ್ನೆ: ಮೂಲ ಆಕರ ಎಲ್ಲಿ ಸಿಗುತ್ತೆ? ಸಿಗೋದು ಈಗ ಕಷ್ಟವಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ (1905) ಪೂರ್ತಿಯಾಗಿ ಕೋಲಾರ ಜಿಲ್ಲೆಯದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ರೈಸ್ ಕಣ್ಣಿಗೆ ಬೀಳದೆ ಉಳಿದ ಶಾಸನಗಳು 1965ರ 17ನೇ ಸಂಪುಟದಲ್ಲಿವೆ. ಕಷ್ಟ ಶುರುವಾಗೋದು ಫೈಲು ತೆರೆದ ಮೇಲೆ.

ಹುಡುಕು ಪೆಟ್ಟಿಗೆಯಲ್ಲಿ 'ಕೋಲಾರ' ಅಂತ ಬರೆದು ಕಾದರೆ ಪ್ರಯೋಜನ ಕಡಿಮೆ. ಹಳೆಯ ಅಚ್ಚಿನ ಕನ್ನಡವನ್ನಾಗಲಿ, ಅಕ್ಷರದ ಮೇಲೂ ಕೆಳಗೂ ಗುರುತು ಹೊತ್ತ ರೋಮನ್ ಲಿಪಿಯನ್ನಾಗಲಿ ಯಂತ್ರ ಸರಿಯಾಗಿ ಓದುವುದಿಲ್ಲ. ಅದೂ ಅಲ್ಲದೆ ಶಾಸನದಲ್ಲಿ ಊರಿನ ಹೆಸರೇ ಬೇರೆ. ಕೋಲಾರ ಅಲ್ಲಿ ಕುವಳಾಲ. ಗಂಗರು ತಲಕಾಡಿಗೆ ಹೋದ ಮೇಲೂ 'ಕುವಳಾಲಪುರವರೇಶ್ವರ' ಎಂಬ ಬಿರುದನ್ನು ಬಿಡಲಿಲ್ಲ. ಚೋಳರ ಕಾಲಕ್ಕೆ ಈ ಸೀಮೆ ನಿಗರಿಲಿಚೋಳಮಂಡಲ. ಮುಳಬಾಗಿಲು ಮುಳುವಾಯಿ. ಶ್ರೀನಿವಾಸಪುರ ಅನ್ನೋ ಹೆಸರಂತೂ ದಿವಾನ್ ಪೂರ್ಣಯ್ಯನವರ ಕಾಲದ್ದು. ಅದಕ್ಕೂ ಮುಂಚೆ ಅದು ಪಾಪನಪಲ್ಲಿ. ಹೀಗಾಗಿ ನಾನು ಹುಡುಕುವ ಗೊಡವೆಗೇ ಹೋಗುವುದಿಲ್ಲ. ತಾಲ್ಲೂಕು ಹಿಡಿದು ಪುಟ ಮಗುಚುತ್ತೇನೆ: ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಪ್ರತಿ ತಾಲ್ಲೂಕಿಗೂ 1ರಿಂದ ಶುರುವಾಗುವ ಬೇರೆ ಬೇರೆ ಸಂಖ್ಯೆ. ಇನ್ನೊಂದು ಗಮನಿಸಿ, 1905ರ ಕೋಲಾರ ಜಿಲ್ಲೆ ಅಂದರೆ ಇವತ್ತಿನದಲ್ಲ. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರದ ತಾಲ್ಲೂಕುಗಳೂ ಇದೇ ಸಂಪುಟದಲ್ಲಿವೆ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂಬ ಹೆಸರಿನಲ್ಲಿ ನೋಡಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಪುಟದಲ್ಲಿ ಮೂಲ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಬಹುತೇಕ ಮಂದಿ ಓದೋದು ಅನುವಾದ ಮಾತ್ರ. ಶಾಸನದಲ್ಲಿ ತೇದಿ ಇಲ್ಲದಿದ್ದರೆ ರೈಸ್ ಲಿಪಿ ನೋಡಿ ಒಂದು ಕಾಲ ಅಂದಾಜು ಮಾಡಿ, ಅದರ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ನಮ್ಮ ಬಾಣರ, ನೊಳಂಬರ ಕಾಲದ ವೀರಗಲ್ಲುಗಳಲ್ಲಿ ಇಂಥವು ಬೇಕಾದಷ್ಟು. ಒಬ್ಬರು ಅದನ್ನು ಎತ್ತಿ ಬರೆಯುವಾಗ ಆ ಚಿಹ್ನೆ ಉದುರಿಹೋಗುತ್ತದೆ. ಎರಡನೆಯವರ ಕೈಯಲ್ಲಿ ಅದು ಖಚಿತ ಇಸವಿ. ಮೂರನೆಯವರು ಆ ಇಸವಿ ಹಿಡಿದು ಯಾರು ಯಾರಿಗೆ ಸಾಮಂತ ಅಂತ ತೀರ್ಮಾನವನ್ನೇ ಕೊಟ್ಟುಬಿಡುತ್ತಾರೆ. ಕಲ್ಲು ಪಾಪ ಏನೂ ಹೇಳಿರೋದಿಲ್ಲ.

ಇಸವಿ ಸ್ಪಷ್ಟವಾಗಿದ್ದ ಮಾತ್ರಕ್ಕೆ ನಂಬಬೇಕೆಂದೂ ಇಲ್ಲ. ಮುಳಬಾಗಿಲು ತಾಲ್ಲೂಕಿನ ಮುದಿಯನೂರಿನ ತಾಮ್ರಪಟ ನೋಡಿ. ಬಾಣ ದೊರೆಯ ಹೆಸರಿನಲ್ಲಿದೆ, ಶಕ 261 ಎಂದಿದೆ, ಅಂದರೆ ಸುಮಾರು ಕ್ರಿ.ಶ. 338. ಫ್ಲೀಟ್ ಇದನ್ನು ಕೂಟಶಾಸನಗಳ, ಅಂದರೆ ಆಮೇಲೆ ಯಾರೋ ಸೃಷ್ಟಿಸಿದ ದಾಖಲೆಗಳ, ಪಟ್ಟಿಗೆ ಸೇರಿಸಿದರು. ಸಂಪುಟದ ಪುಟವನ್ನಷ್ಟೇ ನೋಡಿ ಬರೆದರೆ ನಾಲ್ಕನೇ ಶತಮಾನದ ಬಾಣರ ಚರಿತ್ರೆ ಸಲೀಸಾಗಿ ಸಿದ್ಧವಾಗುತ್ತದೆ! ಕೂಟಶಾಸನವೂ ಆಕರವೇ ಅನ್ನಿ, ಆದರೆ ಅದನ್ನು ಮಾಡಿಸಿದವರ ಕಾಲಕ್ಕೆ.

ಭಾಷೆಯದೂ ಒಂದು ತೊಡಕು. ಕೋಲಾರಮ್ಮನ ಗುಡಿಯ ಚೋಳ ಶಾಸನಗಳು ತಮಿಳಿನವು. ತಮಿಳು ಬಾರದು ಅಂತ ಅವನ್ನು ಬದಿಗಿಟ್ಟು ಬರೆದ ಕೋಲಾರದ ಚರಿತ್ರೆ ಅರ್ಧ ಚರಿತ್ರೆ. ತಮಿಳು ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ನೋಡಬೇಕು. ಬೇರೆ ದಾರಿ ಇಲ್ಲ.

ಅನುವಾದದ ಪ್ರತಿ ಶಾಸನದ ತಲೆಯಲ್ಲಿ ಕಲ್ಲು ಎಲ್ಲಿತ್ತು ಅನ್ನೋದೂ ಇರುತ್ತದೆ: ಊರಿನ ಯಾವ ದಿಕ್ಕು, ಯಾವ ಗುಡಿ, ಯಾರ ಹೊಲ. ಆ ಪುಟದ ನಕಲು ಹಿಡಿದು ಆವನಿಗೋ ಟೇಕಲ್ಲಿಗೋ ಒಂದು ದಿನ ಹೋಗಿಬನ್ನಿ. ಕಲ್ಲು ಇದ್ದರೆ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದು ರೈಸ್ ಪಾಠದ ಜೊತೆ ಹೋಲಿಸಿ. ಇಲ್ಲದಿದ್ದರೆ ಆ ಅಚ್ಚಿನ ಪಾಠವೇ ಉಳಿದ ಏಕೈಕ ಸಾಕ್ಷಿ. ಆಗ ಶಾಸನ ಸಂಖ್ಯೆ, ಪುಟ ಸಂಖ್ಯೆ, ಅಕ್ಷರ ಸವೆದ ಕಡೆ ಅವರು ಇಟ್ಟ ಚುಕ್ಕಿಗಳು, ಆ ಪ್ರಶ್ನಾರ್ಥಕ ಚಿಹ್ನೆ, ಎಲ್ಲವನ್ನೂ ಇದ್ದ ಹಾಗೇ ನಿಮ್ಮ ಪ್ರಬಂಧಕ್ಕೆ ಇಳಿಸಿ.